ಕಾಕನಕೋಟೆಯ ಕಪಾಟು: ಯಾರ ಕಾದಂಬರಿ, ಯಾರ ಆತ್ಮಕಥೆ?

ಓದುಗರು ಹೊಸ ಪುಸ್ತಕ ಹುಡುಕುವ ದಾರಿ ಹೆಚ್ಚುಕಡಿಮೆ ಒಂದೇ. ಕಾದಂಬರಿ ಮೆಚ್ಚಿದವರು ಕಾದಂಬರಿಯ ಸಾಲಿಗೇ ಮತ್ತೆ ಹೋಗುತ್ತಾರೆ, ಆತ್ಮಕಥೆಯ ರುಚಿ ಹತ್ತಿದವರು ಆತ್ಮಕಥೆಯ ಸಾಲಿಗೆ. ಗ್ರಂಥಾಲಯಗಳೂ ಅಂಗಡಿಗಳೂ ಪುಸ್ತಕ ಜೋಡಿಸುವ ರೀತಿಯೇ ಹಾಗಿದೆ. ಬೇಟೆಯ ಅನುಭವ ಒಂದೆಡೆ, ನಾಟಕ ಇನ್ನೊಂದೆಡೆ, ಜಾನಪದ ಮೂಲೆಯಲ್ಲಿ, ಸರ್ಕಾರಿ ವರದಿಗಳಂತೂ ಕಪಾಟಿಗೇ ಬರುವುದಿಲ್ಲ. ಈ ಜೋಡಣೆಯಿಂದ ಒಂದು ಮುಖ್ಯ ಸಂಗತಿ ಮರೆಯಾಗುತ್ತದೆ ಎಂಬುದು ಈ ಲೇಖನದ ವಾದ. ಪ್ರಕಾರದ ಬದಲು ಒಂದು ಸೀಮೆಯನ್ನು ಹಿಡಿದು, ಅದರ ಬಗ್ಗೆ ಬಂದ ಎಲ್ಲ ಬಗೆಯ ಪುಸ್ತಕಗಳನ್ನು ಒಟ್ಟಿಗೆ ಓದಿದರೆ, ಯಾವ ಜನಕ್ಕೆ ಯಾವ ಪ್ರಕಾರ ಒಲಿದಿದೆ, ಯಾರಿಗೆ ಯಾವುದೂ ಸಿಕ್ಕಿಲ್ಲ ಎಂಬುದು ಕಣ್ಣಿಗೆ ಬೀಳುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಸೀಮೆ ಈ ಪರೀಕ್ಷೆಗೆ ಹೇಳಿ ಮಾಡಿಸಿದ್ದು. ಕಾವೇರಿ ಬಯಲಿನ ಭತ್ತದ ಗದ್ದೆಯಿಂದ ಹೊಗೆಸೊಪ್ಪಿನ ಹೊಲ ದಾಟಿ ಕಾಕನಕೋಟೆಯ ಕಾಡಿನವರೆಗೆ ಹಬ್ಬಿದ ಈ ನೆಲದ ಬಗ್ಗೆ ಕಾದಂಬರಿಯೂ ಇದೆ, ನೆನಪಿನ ಬರಹವೂ ಇದೆ, ನಾಟಕವೂ ಇದೆ. ಆದರೆ ಅವನ್ನೆಲ್ಲ ಒಂದೇ ಸೀಮೆಯ ಪುಸ್ತಕಗಳೆಂದು ಎಣಿಸಿದವರು ಕಡಿಮೆ.

ಮೊದಲು ಬಯಲಿನ ಕಡೆ ನೋಡೋಣ. ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿ ಎಂದೊಡನೆ ಜನಕ್ಕೆ ನೆನಪಾಗುವುದು ದೇವರಾಜ ಅರಸು. ಆದರೆ ಅದೇ ಕಲ್ಲಹಳ್ಳಿ ಐದು ನೂರು ವರ್ಷಗಳ ಹಿಂದೆ ಮೂರನೆಯ ಮಂಗರಸನ ಊರು. ಚಂಗಾಳ್ವರ ಕಾಲದ ಈ ಜೈನ ಪಾಳೆಯಗಾರ ಕವಿ ‘ಸಮ್ಯಕ್ತ್ವ ಕೌಮುದಿ’, ‘ಜಯನೃಪಕಾವ್ಯ’, ‘ನೇಮಿಜಿನೇಶ ಸಂಗತಿ’ಗಳ ಜೊತೆಗೆ ಅಡುಗೆಯ ಬಗ್ಗೆ ‘ಸೂಪಶಾಸ್ತ್ರ’ವನ್ನೂ ಬರೆದ. ಒಬ್ಬನೇ ಮನುಷ್ಯ ಕಥೆ, ಪುರಾಣ, ಪಾಕಶಾಸ್ತ್ರ ಮೂರನ್ನೂ ಬರೆಯಬಹುದೆಂಬುದು ಆ ಕಾಲಕ್ಕೆ ಸಹಜ. ಅದೇ ಕಲ್ಲಹಳ್ಳಿಯಲ್ಲಿ 1916ರಲ್ಲಿ ಹುಟ್ಟಿದ ಸುಬ್ರಹ್ಮಣ್ಯರಾಜೇ ಅರಸು ‘ಚದುರಂಗ’ ಎಂಬ ಹೆಸರಿನಿಂದ ‘ಸರ್ವಮಂಗಳಾ’, ‘ಉಯ್ಯಾಲೆ’, ‘ವೈಶಾಖ’ ಕಾದಂಬರಿಗಳನ್ನು ಕೊಟ್ಟರು. ‘ವೈಶಾಖ’ಕ್ಕೆ 1982ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅರಸು ಮನೆತನದಲ್ಲಿ ಹುಟ್ಟಿದವರೊಬ್ಬರು ಹಳ್ಳಿಯ ಜಾತಿಗಳ ಒಳಗುದಿಯನ್ನು ಮೈಸೂರು ಸೀಮೆಯ ಆಡುಮಾತಿನಲ್ಲೇ ಹಿಡಿದದ್ದು ಸಣ್ಣ ಮಾತಲ್ಲ. ಆದರೂ ಗಮನಿಸಬೇಕಾದ್ದು ಇಷ್ಟು: ಹಳ್ಳಿಯನ್ನು ಕಾದಂಬರಿಯಾಗಿಸುವ ಅವಕಾಶ ಮೊದಲು ದಕ್ಕಿದ್ದು ಅಕ್ಷರ, ಭೂಮಿ, ಮೈಸೂರಿನ ನಂಟು ಮೂರೂ ಇದ್ದ ಮನೆಗಳಿಗೆ. ದೇವರಾಜ ಅರಸು ಅವರ ವಿಷಯದಲ್ಲೂ ಅಷ್ಟೇ. ವಡ್ಡರ್ಸೆ ರಘುರಾಮ ಶೆಟ್ಟರ ‘ಬಹುರೂಪಿ ಅರಸು’ವಿನಂಥ ಪುಸ್ತಕಗಳು ಆ ಮುಖ್ಯಮಂತ್ರಿಯನ್ನು ಒಳಗಿಂದ ಬಲ್ಲವರು ಬರೆದವು. 1974ರ ಭೂಸುಧಾರಣೆಯಿಂದ ಗೇಣಿ ಹೊಲ ಸ್ವಂತ ಮಾಡಿಕೊಂಡ ರೈತ, ಜೀತ ಬಿಟ್ಟು ಬಂದ ಆಳು ತಮ್ಮ ಬದುಕಿನ ಪುಸ್ತಕ ಬರೆಯಲಿಲ್ಲ. ಆ ಕಾನೂನು ಯಾರ ಬದುಕನ್ನು ತಿರುಗಿಸಿತೋ ಅವರ ಮಾತು ಆ ಪುಸ್ತಕಗಳಲ್ಲಿ ಬೇರೊಬ್ಬರ ಬಾಯಿಂದಲೇ ಬರುತ್ತದೆ.

ಈ ಸೀಮೆಯ ನಿಜವಾದ ಕಾದಂಬರಿಕಾರ ಎಂದು ಒಬ್ಬರನ್ನೇ ಹೆಸರಿಸಬೇಕಾದರೆ ಅದು ಶ್ರೀಕೃಷ್ಣ ಆಲನಹಳ್ಳಿ. ಎಚ್.ಡಿ. ಕೋಟೆ ತಾಲ್ಲೂಕಿನ ಆಲನಹಳ್ಳಿಯಲ್ಲಿ 1947ರಲ್ಲಿ ಹುಟ್ಟಿ, 1989ರಲ್ಲಿ ಇನ್ನೂ ನಲವತ್ತೆರಡು ತುಂಬುವ ಮುನ್ನವೇ ತೀರಿಕೊಂಡ ಆಲನಹಳ್ಳಿ, ‘ಕಾಡು’ ಬರೆದಾಗ ಇಪ್ಪತ್ತೈದರ ಆಸುಪಾಸಿನ ಹುಡುಗ. 1972ರಲ್ಲಿ ಬಂದ ಆ ಕಾದಂಬರಿಯನ್ನು ಮರುವರ್ಷವೇ ಗಿರೀಶ ಕಾರ್ನಾಡರು ಸಿನಿಮಾ ಮಾಡಿದರು. ಎರಡು ಊರುಗಳ ಹಗೆತನ, ಗಂಡನ ಹಾದರ, ಹೆಂಡತಿಯ ಸಂಕಟ, ಮಾಟಮಂತ್ರ, ಕೊಲೆ ಎಲ್ಲವೂ ಕಿಟ್ಟಿ ಎಂಬ ಚಿಕ್ಕ ಹುಡುಗನ ಕಣ್ಣಿನ ಮೂಲಕ ನಮಗೆ ಕಾಣುತ್ತವೆ. ಅವನಿಗೆ ಅರ್ಥವಾಗದ್ದು ನಮಗೆ ಅರ್ಥವಾಗುತ್ತದೆ, ಅವನಿಗೆ ಕೇಳಿಸುವುದು ನಮಗೆ ಕೇಳಿಸುವುದಿಲ್ಲ. ಆ ಹುಡುಗನ ಮನಸ್ಸಿನಲ್ಲಿ ಕಾಡು ಎಂದರೆ ಹೆಸರು ಹಿಡಿದು ಕೂಗುವ ಹಕ್ಕಿಯ ಜಾಗ, ಓಗೊಟ್ಟವರು ಉಳಿಯುವುದಿಲ್ಲ. ಭಯವೂ ಸೆಳೆತವೂ ಸೇರಿದ ಈ ಕಾಡು ಊರಿನ ಅಂಚಿನಿಂದ ಕಂಡ ಕಾಡು. ಹೊಲ ಮುಗಿದು ಮರ ಶುರುವಾಗುವ ಗಡಿಯಲ್ಲಿ ನಿಂತ ಒಕ್ಕಲು ಮನೆಯ ಮಗುವಿಗೆ ಅದು ಹಾಗೆಯೇ ಕಾಣಬೇಕು. ಕಾಡಿನ ಬುಡಕಟ್ಟಾದ ಜೇನುಕುರುಬರ ಹಾಡಿಯಲ್ಲಿ ಬೆಳೆಯುವ ಮಗುವಿಗೆ ಅದೇ ಕಾಡು ಮನೆಯ ಹಿತ್ತಿಲು, ಗೆಣಸು ಸಿಗುವ ಜಾಗ, ಜೇನಿನ ಮರ, ತೀರಿಕೊಂಡ ಹಿರಿಯರು ಇರುವ ನೆಲೆ. ಆಲನಹಳ್ಳಿಯ ಕಾದಂಬರಿ ಸುಳ್ಳೆಂದು ಇದರ ಅರ್ಥವಲ್ಲ. ಅದು ತನ್ನ ಗಡಿಯನ್ನು ಪ್ರಾಮಾಣಿಕವಾಗಿ ಹೇಳುವ ಕೃತಿ, ಅದಕ್ಕೇ ಅದು ದೊಡ್ಡದು. ಗಡಿಯ ಆಚೆ ಕಡೆಯ ಕಾದಂಬರಿ ಮಾತ್ರ ಈಗಲೂ ಬರೆಯಬೇಕಾಗಿದೆ. ‘ಪರಸಂಗದ ಗೆಂಡೆತಿಮ್ಮ’ದಲ್ಲಿ ತಲೆಹೊರೆ ವ್ಯಾಪಾರಿಯೊಬ್ಬ ಸೋಪು, ಪೌಡರು, ಒಳಉಡುಪಿನ ಮೂಲಕ ಪೇಟೆಯನ್ನು ಹಳ್ಳಿಗೆ ಹೊತ್ತು ತರುತ್ತಾನೆ, ಆ ಪೇಟೆ ಕೊನೆಗೆ ಅವನ ಮನೆಯನ್ನೇ ನುಂಗುತ್ತದೆ. ಹೊಸ ಕಾಲ ಈ ಸೀಮೆಯನ್ನು ಹೊಕ್ಕ ಬಗೆಯನ್ನು ಇಷ್ಟು ಚೆನ್ನಾಗಿ ಹೇಳಿದ ಇತಿಹಾಸದ ಪುಸ್ತಕವನ್ನು ತೋರಿಸುವುದು ಕಷ್ಟ.

ಬಯಲಿನಿಂದ ಕಾಡಿನ ಒಳಗೆ ಹೋದ ಕೂಡಲೇ ಪ್ರಕಾರವೇ ಬದಲಾಗುತ್ತದೆ. ಅಲ್ಲಿ ಕಾದಂಬರಿ ಹಿಂದೆ ಸರಿದು ನೆನಪಿನ ಬರಹ ಮುಂದೆ ಬರುತ್ತದೆ, ಬರೆದವರೆಲ್ಲ ಹೊರಗಿನಿಂದ ಬಂದವರು. ಮೈಸೂರು ಸರ್ಕಾರದ ಅಧಿಕಾರಿಯಾಗಿದ್ದ ಜಿ.ಪಿ. ಸ್ಯಾಂಡರ್ಸನ್ 1870ರ ದಶಕದಲ್ಲಿ ಈ ಭಾಗಕ್ಕೆ ಆನೆ ಹಿಡಿಯುವ ಖೆಡ್ಡಾ ಪದ್ಧತಿ ತಂದವನು. ಭಾರತದ ಕಾಡುಮೃಗಗಳ ನಡುವೆ ಕಳೆದ ಹದಿಮೂರು ವರ್ಷಗಳ ಬಗ್ಗೆ ಅವನ ಪುಸ್ತಕ 1878ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಕಾಡಿನ ಜನರ ಜಾಡು ಹಿಡಿಯುವ ಜಾಣ್ಮೆಯನ್ನು ಅವನು ಮನಸಾರೆ ಹೊಗಳುತ್ತಾನೆ, ಆದರೆ ಕಥೆಯ ನಾಯಕ ಅವನೇ. ಈ ಸ್ಯಾಂಡರ್ಸನ್‌ನನ್ನೇ ಮನಸ್ಸಿನಲ್ಲಿಟ್ಟು ಕಿಪ್ಲಿಂಗ್ 1894ರ ‘ಜಂಗಲ್ ಬುಕ್’ನ ಆನೆ ಹಿಡಿಯುವ ದೊರೆಯ ಪಾತ್ರ ಕಟ್ಟಿದ ಎಂದು ಹೇಳುವುದುಂಟು. ಆ ಕಥೆಯನ್ನು ಹಿಡಿದು ರಾಬರ್ಟ್ ಫ್ಲಾಹರ್ಟಿ ಮತ್ತು ಜೋಲ್ಟನ್ ಕೋರ್ಡಾ ‘ಎಲಿಫೆಂಟ್ ಬಾಯ್’ ಚಿತ್ರ ಮಾಡಿದರು. 1937ರಲ್ಲಿ ತೆರೆಕಂಡ ಆ ಚಿತ್ರದ ನಾಯಕ ಸಾಬು, ಎಚ್.ಡಿ. ಕೋಟೆ ತಾಲ್ಲೂಕಿನ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದವನು, ಮಾವುತನ ಮಗ. ಚಿತ್ರೀಕರಣದ ದಿನಗಳ ಬಗ್ಗೆ ರಾಬರ್ಟ್ ಅವರ ಪತ್ನಿ ಫ್ರಾನ್ಸಿಸ್ ಫ್ಲಾಹರ್ಟಿ ಮಕ್ಕಳಿಗೆ ಬರೆದ ಕಾಗದಗಳು ಚಿತ್ರ ತೆರೆಕಂಡ ವರ್ಷವೇ ‘ಎಲಿಫೆಂಟ್ ಡ್ಯಾನ್ಸ್’ ಎಂಬ ಪುಸ್ತಕವಾದವು. ಒಬ್ಬ ಅಧಿಕಾರಿಯ ನೆನಪು ಕಥೆಯಾಗಿ, ಕಥೆ ಸಿನಿಮಾ ಆಗಿ, ಸಿನಿಮಾ ಮತ್ತೆ ಇನ್ನೊಬ್ಬರ ನೆನಪಿನ ಪುಸ್ತಕವಾಗಿ ಅರವತ್ತು ವರ್ಷ ಲೋಕ ಸುತ್ತಿತು. ಕಬಿನಿಯ ದಡದ ಒಬ್ಬ ಹುಡುಗ ಹಾಲಿವುಡ್ಡಿಗೆ ಹೋದ, 1963ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡ. ಈ ಇಡೀ ಸರಪಳಿಯಲ್ಲಿ ಹಾಡಿಯ ಜನ ಪ್ರತಿ ಕೊಂಡಿಯಲ್ಲೂ ಇದ್ದಾರೆ. ಆನೆಯ ಹಿಂಡನ್ನು ಗುರುತಿಸಿದವರು, ಓಡಿಸಿದವರು, ಪಳಗಿಸಿದವರು ಅವರೇ. ಬರೆದವರ ಸಾಲಿನಲ್ಲಿ ಮಾತ್ರ ಅವರಿಲ್ಲ.

ಕಾಕನಕೋಟೆಯ ಖೆಡ್ಡಾ 1971ರಲ್ಲಿ ನಿಂತಿತು. ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1974ರ ಹೊತ್ತಿಗೆ ಕಬಿನಿ ಅಣೆಕಟ್ಟು ಎದ್ದು ಕಾಡಿನ ದೊಡ್ಡ ಭಾಗ ಹಿನ್ನೀರಿನಲ್ಲಿ ಮುಳುಗಿತು. ಕಾಡಿನೊಳಗಿನ ಹಾಡಿಗಳನ್ನು ಎಬ್ಬಿಸುವ ಕೆಲಸ ಬಿರುಸಾದದ್ದೂ ಆ ದಶಕದಲ್ಲೇ. ಇದರೊಂದಿಗೆ ನೆನಪಿನ ಬರಹದ ಸ್ವರವೂ ಬದಲಾಯಿತು: ಬೇಟೆಗಾರನ ಜಾಗಕ್ಕೆ ಕಾಡು ಕಾಯುವವನು ಬಂದ. ನಾಗರಹೊಳೆಯ ವಲಯ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪನವರ ಅನುಭವಗಳನ್ನು ಟಿ.ಎಸ್. ಗೋಪಾಲ್ ‘ಕಾಡಿನೊಳಗೊಂದು ಜೀವ’ವಾಗಿ ನಿರೂಪಿಸಿದರು. ಕಳ್ಳಬೇಟೆಗಾರರ ಎದುರು ನಿಂತದ್ದು, 1992ರಲ್ಲಿ ನಾಗರಹೊಳೆಗೆ ಬಿದ್ದ ಬೆಂಕಿಯ ದಿನಗಳನ್ನು ಹಾದುಬಂದದ್ದು, ಇವೆಲ್ಲ ಒಬ್ಬ ಹಟವಾದಿ ಅಧಿಕಾರಿಯ ಬದುಕಿನ ಒಳಗೇ ನಡೆದ ಸಂಗತಿಗಳು. ಹುಲಿಗಳಿಗೆ ರೇಡಿಯೋ ಕಾಲರ್ ಹಾಕಿ ಅವುಗಳ ಓಡಾಟ ಅಳೆದ ಕೆ. ಉಲ್ಲಾಸ ಕಾರಂತರು 2022ರಲ್ಲಿ ‘ಅಮಾಂಗ್ ಟೈಗರ್ಸ್’ ಎಂಬ ಅನುಭವ ಕಥನವನ್ನು ಇಂಗ್ಲಿಷಿನಲ್ಲಿ ಬರೆದರು. 1980ರ ದಶಕದಲ್ಲಿ ಎಚ್.ಡಿ. ಕೋಟೆಯ ಬ್ರಹ್ಮಗಿರಿ ಹಾಡಿಗೆ ಬಂದು ಆಸ್ಪತ್ರೆ, ಶಾಲೆ ಕಟ್ಟಿದ ಡಾ. ಆರ್. ಬಾಲಸುಬ್ರಹ್ಮಣ್ಯಂ ‘ಐ, ದ ಸಿಟಿಜನ್’ ಬರೆದರು. ಈ ಮೂರನ್ನೂ ಒಟ್ಟಿಗೆ ಓದಬೇಕೆಂದು ಧಾರಾಳವಾಗಿ ಶಿಫಾರಸು ಮಾಡಬಹುದು. ಹುಲಿಯ ಉಳಿವು ಮತ್ತು ಹಾಡಿಯ ಬದುಕು ಒಂದೇ ಕಾಡಿನಲ್ಲಿ ಎದುರುಬದುರಾದಾಗ ಒಳ್ಳೆಯ ಮನುಷ್ಯರು ಎಷ್ಟು ಭಿನ್ನವಾಗಿ ಯೋಚಿಸುತ್ತಾರೆ ಎಂಬುದು ಒಂದೇ ಪುಸ್ತಕದಿಂದ ತಿಳಿಯುವುದಿಲ್ಲ.

ಹಾಗಾದರೆ ಹಾಡಿಯ ಜನ ಯಾವ ಪ್ರಕಾರದಲ್ಲಿ ಸಿಗುತ್ತಾರೆ? ಉತ್ತರ ಕಹಿಯಾಗಿದೆ: ವರದಿಯಲ್ಲಿ. ನಾಗರಹೊಳೆಯಿಂದ ಎಬ್ಬಿಸಲ್ಪಟ್ಟ ಬುಡಕಟ್ಟು ಜನರ ಸ್ಥಿತಿ ಅರಿಯಲು ಉಚ್ಚ ನ್ಯಾಯಾಲಯದ ಸೂಚನೆಯಂತೆ ನೇಮಕವಾದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಟ್ಟು, ನೆಲೆ ಕಳೆದುಕೊಂಡ 3,418 ಕುಟುಂಬಗಳನ್ನು ಗುರುತಿಸಿತು. ಈ ಸೀಮೆಯ ಜೇನುಕುರುಬ, ಬೆಟ್ಟಕುರುಬ, ಯರವ, ಸೋಲಿಗರ ಬಗ್ಗೆ ಇಷ್ಟು ದೊಡ್ಡ ಲೆಕ್ಕ ಇನ್ನಾವ ಪುಸ್ತಕದಲ್ಲೂ ಇಲ್ಲ. ಅಲ್ಲಿ ಅವರು ಸಂಖ್ಯೆಯಾಗಿ ಬರುತ್ತಾರೆ. ನ್ಯಾಯ ಕೇಳಲು ಸಂಖ್ಯೆ ಬೇಕೇ ಬೇಕು, ಆದರೆ ಹಾಡಿ ಬಿಟ್ಟು ಹುಣಸೂರು ತಾಲ್ಲೂಕಿನ ನಾಗಾಪುರದ ಪುನರ್ವಸತಿ ಕೇಂದ್ರಕ್ಕೆ ಬಂದ ಹೆಂಗಸಿಗೆ ಮೊದಲ ರಾತ್ರಿ ಏನನ್ನಿಸಿತು ಎಂಬುದಕ್ಕೆ ಸಂಖ್ಯೆಯಲ್ಲಿ ಜಾಗವಿಲ್ಲ. ಆ ಕೆಲಸ ಕಾದಂಬರಿಯದು, ಇಲ್ಲವೇ ಆತ್ಮಕಥೆಯದು. ಇನ್ನೂ ಹತ್ತಿರದ ಉದಾಹರಣೆ ದಸರಾ ಆನೆ ಅರ್ಜುನ. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕಿ, ಬಳ್ಳೆ ಶಿಬಿರದಲ್ಲಿ ಬೆಳೆದು, 2012ರಿಂದ 2019ರವರೆಗೆ ಚಿನ್ನದ ಅಂಬಾರಿ ಹೊತ್ತ ಆ ಆನೆ 2023ರ ಡಿಸೆಂಬರಿನಲ್ಲಿ ಸತ್ತಾಗ ನಾಡಿಗೆ ನಾಡೇ ಮರುಗಿತು. ಆನೆಯ ಜೀವನಚರಿತ್ರೆ ಪತ್ರಿಕೆಗಳಲ್ಲಿ ತುಂಬಿ ಬಂತು. ಇಂಥ ಆನೆಗಳ ಜೊತೆ ಬದುಕು ಕಳೆದ ಮಾವುತ, ಕಾವಾಡಿಗಳಲ್ಲಿ ಬಹಳ ಮಂದಿ ಜೇನುಕುರುಬರು. ಅವರ ಜೀವನಚರಿತ್ರೆಗೆ ಕನ್ನಡದ ಪ್ರಸಿದ್ಧ ಆತ್ಮಕಥೆಗಳ ಸಾಲಿನಲ್ಲಿ ಇನ್ನೂ ಜಾಗ ಸಿಕ್ಕಿಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಬರುತ್ತದೆ. ಕಾದಂಬರಿ ಬರೆಯಲು ಆ ಜಾತಿಯಲ್ಲೇ, ಆ ಹಾಡಿಯಲ್ಲೇ ಹುಟ್ಟಿರಬೇಕೇ? ಕಲ್ಪನೆಗೆ ಅಂಥ ಸರಹದ್ದು ಹಾಕಿದರೆ ಸಾಹಿತ್ಯವೇ ಉಳಿಯುವುದಿಲ್ಲವಲ್ಲ? ಈ ಆಕ್ಷೇಪಕ್ಕೆ ಬಲವಾದ ಸಾಕ್ಷಿ ಈ ಸೀಮೆಯಲ್ಲೇ ಇದೆ. ಕಾಡುಕುರುಬರ ಬದುಕು, ಹೆಗ್ಗಡೆಯ ದಬ್ಬಾಳಿಕೆ, ರಣಧೀರ ಕಂಠೀರವನ ಮೈಸೂರು ಇವನ್ನು ಹೆಣೆದು ‘ಕಾಕನಕೋಟೆ’ ನಾಟಕವನ್ನು 1938ರಲ್ಲಿ ಬರೆದವರು ಮಾಸ್ತಿ. ಅವರು ಕೋಲಾರದ ಕಡೆಯವರು, ಮೈಸೂರು ಸರ್ಕಾರದ ಅಧಿಕಾರಿ. 1977ರಲ್ಲಿ ಸಿ.ಆರ್. ಸಿಂಹ ಅದನ್ನು ಸಿನಿಮಾ ಮಾಡಿದ ಮೇಲೆ ಕಾಕನಕೋಟೆ ಎಂಬ ಹೆಸರು ಕರ್ನಾಟಕದ ಮೂಲೆಮೂಲೆಗೆ ತಲುಪಿತು. ಕಾಡಿನ ಜನಕ್ಕೆ ಘನತೆಯಿದೆ, ಅವರಿಗೂ ತಮ್ಮದೇ ರಾಜಕೀಯ ವಿವೇಕವಿದೆ ಎಂದು ಮಾಸ್ತಿಯವರು ಆ ಕಾಲಕ್ಕೇ ತೋರಿಸಿದರು. ಗಡಿಯಾಚೆ ನೋಡಿದರೆ, ಕೋಳಿಕ್ಕೋಡಿನ ಪಿ. ವತ್ಸಲಾ ವಯನಾಡಿನ ತಿರುನೆಲ್ಲಿಯ ಅಡಿಯ ಬುಡಕಟ್ಟಿನ ಬಗ್ಗೆ ಮಲಯಾಳದಲ್ಲಿ ‘ನೆಲ್ಲು’ ಕಾದಂಬರಿ ಬರೆದದ್ದು 1972ರಲ್ಲಿ, ಆಲನಹಳ್ಳಿಯ ‘ಕಾಡು’ ಬಂದ ವರ್ಷವೇ. ಒಂದೇ ಕಾಡಿನ ಎರಡು ಮಗ್ಗುಲಿನಿಂದ, ಎರಡು ಭಾಷೆಗಳಲ್ಲಿ, ಒಂದೇ ವರ್ಷ ಬಂದ ಈ ಎರಡು ಕಾದಂಬರಿಗಳನ್ನು ಜೊತೆಗಿಟ್ಟು ಓದುವುದು ತುಂಬ ಫಲ ಕೊಡುವ ಕೆಲಸ. ಭಾರತೀಸುತರ ‘ಎಡಕಲ್ಲು ಗುಡ್ಡದ ಮೇಲೆ’ಯನ್ನು ಪುಟ್ಟಣ್ಣ ಕಣಗಾಲ್ 1973ರಲ್ಲಿ ತೆರೆಗೆ ತಂದರು. ಅಲ್ಲಿ ವಯನಾಡಿನ ಕಾಡು ದಂಪತಿಯೊಬ್ಬರ ತಳಮಳಕ್ಕೆ ಹಿನ್ನೆಲೆ ಮಾತ್ರ.

ಹೊರಗಿನವರು ಬರೆಯಬಾರದು ಎಂಬುದು ನನ್ನ ಮಾತಲ್ಲ. ಹೊರಗಿನವರ ಕಾದಂಬರಿಯ ಗುಣ ದೋಷ ತೂಗಲು ಒಳಗಿನವರ ಬರಹವೊಂದು ಎದುರಿಗೆ ಇರಬೇಕು ಎಂಬುದು ನನ್ನ ಮಾತು. ಕನ್ನಡದ ಅನುಭವವೇ ಇದಕ್ಕೆ ಸಾಕ್ಷಿ. ಶಿವರಾಮ ಕಾರಂತರ ‘ಚೋಮನ ದುಡಿ’ ಬಂದದ್ದು 1933ರಲ್ಲಿ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ ಬಂದದ್ದು 1994ರಲ್ಲಿ, ಅದರ ಬೆನ್ನಿಗೇ ಸಿದ್ಧಲಿಂಗಯ್ಯನವರ ‘ಊರುಕೇರಿ’. ನಡುವಿನ ಅರವತ್ತು ವರ್ಷ ದಲಿತ ಬದುಕನ್ನು ಕನ್ನಡ ಓದುಗರು ಹೆಚ್ಚಾಗಿ ಬೇರೆಯವರ ಕಾದಂಬರಿಯಿಂದಲೇ ಅರಿತರು. ಆತ್ಮಕಥೆಗಳು ಬಂದ ಮೇಲೆ ‘ಚೋಮನ ದುಡಿ’ ಸಣ್ಣದಾಗಲಿಲ್ಲ, ಅದನ್ನು ಓದುವ ಕಣ್ಣು ಮಾತ್ರ ಹರಿತವಾಯಿತು. ಚೋಮನಿಗೆ ಕಾದಂಬರಿಕಾರ ಕೊಟ್ಟ ಮೌನ ಎಲ್ಲಿ ಅವನದೇ, ಎಲ್ಲಿ ಲೇಖಕನದು ಎಂದು ಕೇಳುವುದು ಸಾಧ್ಯವಾಯಿತು. ಒಬ್ಬನೇ ಲೇಖಕನ ವಿಷಯದಲ್ಲೂ ಎರಡು ಪ್ರಕಾರ ಒಂದನ್ನೊಂದು ಬೆಳಗುತ್ತವೆ. ಭೈರಪ್ಪನವರ ‘ಗೃಹಭಂಗ’ ಮತ್ತು ಕಾಲು ಶತಮಾನದ ನಂತರ ಅವರು ಬರೆದ ಆತ್ಮಕಥೆ ‘ಭಿತ್ತಿ’ಯನ್ನು ಒಟ್ಟಿಗೆ ಓದಿದವರಿಗೆ, ನೆನಪು ಕಥೆಯಾಗುವಾಗ ಏನನ್ನು ಬಿಡುತ್ತದೆ, ಏನನ್ನು ಹಿಗ್ಗಿಸುತ್ತದೆ ಎಂಬುದು ಪಾಠ ಹೇಳದೆಯೇ ತಿಳಿಯುತ್ತದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಮತ್ತು ‘ನೆನಪಿನ ದೋಣಿಯಲ್ಲಿ’ ಇನ್ನೊಂದು ಅಂಥ ಜೋಡಿ. ಕಾಕನಕೋಟೆಯ ಕಾಡಿಗೆ ಇಂಥ ಜೋಡಿ ಇಲ್ಲ. ಅದಕ್ಕೇ ಅಲ್ಲಿನ ಪುಸ್ತಕಗಳನ್ನು ಓದುವಾಗ ನಮ್ಮ ತಕ್ಕಡಿಯ ಒಂದು ತಟ್ಟೆ ಖಾಲಿ.

ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮ. ಹಾಡಿಯ ಜನಕ್ಕೆ ಹಾಡಿದೆ, ಕಥೆಯಿದೆ, ಕುಣಿತವಿದೆ. ಅಚ್ಚಿನ ಪುಸ್ತಕ ಇಲ್ಲದಿದ್ದರೆ ಕೊರತೆ ಏನು, ಪುಸ್ತಕವನ್ನೇ ಅಳತೆಗೋಲು ಮಾಡುವುದು ಅಕ್ಷರಸ್ಥರ ಅಹಂಕಾರವಲ್ಲವೇ ಎಂಬುದು. ಈ ಮಾತಿನ ಅರ್ಧವನ್ನು ಒಪ್ಪಲೇಬೇಕು. ಬಾಯಿಮಾತಿನ ಪರಂಪರೆ ಬಡವಾದದ್ದೇನೂ ಅಲ್ಲ. ಆದರೆ ಅರಣ್ಯ ಹಕ್ಕು ಕಾಯ್ದೆ ಬಂದ 2006ರಿಂದ ಈಚೆಗೆ ಹಾಡಿಯ ಜನರ ನೆಲದ ಪ್ರಶ್ನೆ ತೀರ್ಮಾನವಾಗುತ್ತಿರುವುದು ಕಾಗದದ ಮೇಲೆಯೇ. ಯಾವ ಹಾಡಿ ಎಲ್ಲಿತ್ತು, ಯಾವ ಮರದಡಿ ದೇವರಿತ್ತು, ಯಾವ ವರ್ಷ ಎಬ್ಬಿಸಿದರು ಎಂಬುದಕ್ಕೆ ಹಿರಿಯರ ನೆನಪೇ ಸಾಕ್ಷ್ಯ. ಹಾಡು ಹಾಡಾಗಿ ಉಳಿಯಲಿ, ನೆನಪು ಪುಸ್ತಕವಾಗಲಿ. ಒಂದು ಬಂದರೆ ಇನ್ನೊಂದು ಹೋಗಬೇಕಿಲ್ಲ. ಅಕ್ಷರ ಬಾರದವರು ಆತ್ಮಕಥೆ ಬರೆಯುವುದು ಹೇಗೆ ಎಂಬುದಕ್ಕೂ ಉತ್ತರ ಸಿದ್ಧವಿದೆ. ‘ಕಾಡಿನೊಳಗೊಂದು ಜೀವ’ ಒಬ್ಬರು ಹೇಳಿ ಇನ್ನೊಬ್ಬರು ನಿರೂಪಿಸಿದ ಪುಸ್ತಕ. ಕಬಿನಿಯ ಮೇಲ್ಭಾಗದ ವಯನಾಡಿನಲ್ಲಿ ಅಡಿಯ ಸಮುದಾಯದ ಹೋರಾಟಗಾರ್ತಿ ಸಿ.ಕೆ. ಜಾನು ಅವರ ಬದುಕು ಹೀಗೆ ಹೇಳಿ ಬರೆಸಿದ್ದರಿಂದಲೇ ಮಲಯಾಳದಲ್ಲಿ ಪುಸ್ತಕವಾಗಿ, 2004ರಲ್ಲಿ ಇಂಗ್ಲಿಷಿಗೂ ಹೋಯಿತು. ಅಧಿಕಾರಿಗೆ ನಿರೂಪಕ ಸಿಕ್ಕರೆ ಮಾವುತನಿಗೂ ಸಿಗಬೇಕು. ಹಾಡಿಗಳ ಹಕ್ಕಿಗಾಗಿ ದಶಕಗಳ ಕಾಲ ದುಡಿದ ಜೇನುಕುರುಬ ಸಮುದಾಯದ ಸೋಮಣ್ಣನವರಿಗೆ 2024ರಲ್ಲಿ ಪದ್ಮಶ್ರೀ ಬಂತು. ಪ್ರಶಸ್ತಿಯ ಸುದ್ದಿ ಒಂದು ದಿನ ಓಡುತ್ತದೆ; ಜೀತದಿಂದ ಪದ್ಮಶ್ರೀವರೆಗಿನ ಒಂದು ಕಾಲವನ್ನು ಅಂಥವರ ಬಾಯಿಂದಲೇ ಕೇಳಿ ಬರೆದಿಡುವುದು ಕನ್ನಡದ ಕರ್ತವ್ಯ.

ಸೀಮೆ ಹಿಡಿದು ಓದಿದರೆ ಓದು ಕಿರಿದಾಗುತ್ತದೆ ಎಂಬ ಮೂರನೆಯ ಅನುಮಾನಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಕಾರಾಪುರದಿಂದ ಹೊರಟ ದಾರಿ ಕಿಪ್ಲಿಂಗ್‌ನ ಮೂಲಕ ಹಾಲಿವುಡ್ಡಿಗೆ ಹೋದದ್ದನ್ನು ಆಗಲೇ ಕಂಡೆವು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಗೆ ಬಂದರೆ ದಾರಿ ಲ್ಹಾಸಾಕ್ಕೆ ತಿರುಗುತ್ತದೆ. 1960ರ ದಶಕದ ಆರಂಭದಲ್ಲಿ ಕಾಡು ಕಡಿದು ನೆಲೆ ನಿಂತ ಟಿಬೆಟನ್ನರ ಕಥೆ ಓದಲು ದಲೈ ಲಾಮಾ ಅವರ ‘ಫ್ರೀಡಂ ಇನ್ ಎಕ್ಸೈಲ್’ನಂಥ ಆತ್ಮಕಥೆ ತೆರೆಯಬೇಕಾಗುತ್ತದೆ. ದೇಶ ಕಳೆದುಕೊಂಡವರಿಗೆ ಇದೇ ಸೀಮೆಯಲ್ಲಿ ನೆಲ ಸಿಕ್ಕಿತು, ಅದರ ಹತ್ತಿರದ ಕಾಡಿನಲ್ಲೇ ಹುಟ್ಟಿದವರು ನೆಲ ಕಳೆದುಕೊಂಡರು. ಈ ಎರಡು ಸತ್ಯಗಳನ್ನು ಒಟ್ಟಿಗೆ ಹಿಡಿಯಬಲ್ಲ ಕಾದಂಬರಿಗೆ ಇದಕ್ಕಿಂತ ಒಳ್ಳೆಯ ನೆಲ ಸಿಗುವುದು ಕಷ್ಟ.

ಹೊಸದಾಗಿ ಶುರು ಮಾಡುವ ಓದುಗರು ‘ಕಾಡು’ವಿನಿಂದ ಹೊರಡಲಿ. ಅದರ ಜೊತೆಗೇ ‘ನೆಲ್ಲು’, ಆಮೇಲೆ ‘ಕಾಡಿನೊಳಗೊಂದು ಜೀವ’, ಅದರ ಬೆನ್ನಿಗೆ ಅಸ್ಸಾದಿ ವರದಿ, ಕೊನೆಗೆ ಮಾಸ್ತಿಯವರ ನಾಟಕ. ಈ ಕ್ರಮದಲ್ಲಿ ಓದಿದವರಿಗೆ ಮುಂದಿನ ಪುಸ್ತಕ ಯಾವುದು ಎಂದು ಬೇರೆಯವರು ಹೇಳಬೇಕಾಗುವುದಿಲ್ಲ. ‘ಅರಿವು ಕೇಂದ್ರ’ಗಳೆಂದು ಹೆಸರು ಪಡೆದಿರುವ ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ತಂತಮ್ಮ ಸೀಮೆಯ ಪುಸ್ತಕಗಳಿಗೆ, ಪ್ರಕಾರ ನೋಡದೆ, ಒಂದು ಕಪಾಟು ಮೀಸಲಿಡಲಿ. ಸರಗೂರಿನ ಸಮುದಾಯ ಬಾನುಲಿ ‘ಜನಧ್ವನಿ’ಯಂಥ ಕಡೆ ಹಾಡಿಯ ದನಿಗಳಿಗೆ ಮೈಕು ಸಿಕ್ಕಿದೆ, ಆ ದನಿಗಳು ಪುಟಕ್ಕೆ ಬರಲು ದೊಡ್ಡ ಹಣವೇನೂ ಬೇಡ. 1971ರ ಕೊನೆಯ ಖೆಡ್ಡಾವನ್ನು ಹುಡುಗರಾಗಿ ಕಂಡವರಿಗೆ ಈಗ ಅರವತ್ತು ದಾಟಿದೆ, ಆನೆ ಓಡಿಸಿದವರಿಗೆ ಎಪ್ಪತ್ತು ಎಂಬತ್ತು. ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳೂ ಪ್ರಕಾಶಕರೂ ಈ ಹಿರಿಯರ ಬಳಿಗೆ ಮುಂದಿನ ವರ್ಷಕ್ಕೆ ಕಾಯದೆ ಈ ವರ್ಷವೇ ಹೋಗಬೇಕು.